ಮೂರನೇ ಬೆಲ್: ಸಿಳ್ಳೆ ನಂಬಬೇಕೋ, ವಿಮರ್ಶೆ ನಂಬಬೇಕೋ?

(ಕಂಪನಿ ನಾಟಕಗಳಲ್ಲಿ ಪರದೆ ಪಕ್ಕ ನಿಂತು ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರ್ ಆಗಿ ದುಡಿದು ಈಗ ಬಾಗಲಕೋಟೆಯ ನವನಗರದಲ್ಲಿರುವ ಮಾಸ್ತರರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಅಮೆರಿಕದ ನ್ಯೂಜೆರ್ಸಿಯ ಮಗಳ ಮನೆಗೆ ಹೋದಾಗ ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳ ಕೇರಿಯಲ್ಲಿ, ನಾಟಕ ನೋಡಿದ್ದನ್ನು ಹೋದ ಸಂಚಿಕೆಯಲ್ಲಿ ಬರೆದಿದ್ದರು. ಈ ಸಲದ ಕಾಗದಗಳೆಲ್ಲ ಅದರ ಮೇಲೆಯೇ.)

ಪ್ರಶ್ನೆ: ಮಾಸ್ತರರೇ, ಬ್ರಾಡ್‌ವೇಯಲ್ಲಿ ದೊಡ್ಡ ಸ್ಟಾರ್ ಹಾಕಿಕೊಂಡು ಹೊಸ ಮ್ಯೂಸಿಕಲ್ (ಹಾಡು-ಕುಣಿತದ ನಾಟಕ) ಬಂದಾಗಲೆಲ್ಲ ಪತ್ರಿಕೆಯವರು ಮೂಗು ಮುರಿಯುತ್ತಾರೆ. ಅಭಿಮಾನಿಗಳು ಮಾತ್ರ ಇಂಥದ್ದು ಜನ್ಮದಲ್ಲೇ ನೋಡಿಲ್ಲ ಅಂತಾರೆ. ಮೊಬೈಲಿನಲ್ಲಿ ಎರಡನ್ನೂ ಓದಿ ತಲೆ ಕೆಟ್ಟಿದೆ. ಯಾರನ್ನು ನಂಬಲಿ?
- ಬಿ.ಎ. ವಿದ್ಯಾರ್ಥಿನಿ, ಇಳಕಲ್

ಉತ್ತರ: ತಂಗಿ, ಇಬ್ಬರನ್ನೂ ನಂಬು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಅಭಿಮಾನಿ ಹೋಗುವುದು ಮನುಷ್ಯನನ್ನು ನೋಡಲು, ವಿಮರ್ಶಕ ಹೋಗುವುದು ಪಾತ್ರವನ್ನು ನೋಡಲು. ಒಂದೇ ಥಿಯೇಟರಿನಲ್ಲಿ ಕೂತರೂ ಇಬ್ಬರೂ ನೋಡುವ ಆಟ ಬೇರೆ.

2022ರಲ್ಲಿ ಹ್ಯೂ ಜಾಕ್‌ಮನ್ 'ದಿ ಮ್ಯೂಸಿಕ್ ಮ್ಯಾನ್' ಆಡಿದರು. ಸಿನಿಮಾದಲ್ಲಿ ಕೈಯಿಂದ ಉಕ್ಕಿನ ಉಗುರು ಚಾಚುತ್ತಾರಲ್ಲ, ಅವರೇ. ಊರಿಗೆ ಬಂದು ಮಕ್ಕಳ ಬ್ಯಾಂಡು ಕಟ್ಟಿಕೊಡುತ್ತೇನೆ ಅಂತ ಜನರಿಗೆ ಟೋಪಿ ಹಾಕುವವನ ಪಾತ್ರ. ವಿಮರ್ಶೆಗಳಲ್ಲಿ ಹೊಗಳಿಕೆಯೂ ಇತ್ತು, ಗೊಣಗಾಟವೂ ಇತ್ತು. ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿಗೆ 6 ವಿಭಾಗಗಳಲ್ಲಿ ಹೆಸರು ಬಂತು, ಒಂದೂ ಕೈಗೆ ಬರಲಿಲ್ಲ. ಆದರೆ ಕಲೆಕ್ಷನ್ ಕೆಲವು ವಾರ 30 ಲಕ್ಷ ಡಾಲರ್ ದಾಟಿತು. ಮಾಲಕರು ವಿಮರ್ಶೆ ಓದಿ ಅತ್ತಿರಲಿಕ್ಕಿಲ್ಲ.

ಇನ್ನೊಂದು ಮ್ಯೂಸಿಕಲ್ 'ವಿಕೆಡ್'. 2003ರ ಅಕ್ಟೋಬರಿನಲ್ಲಿ ಶುರುವಾದಾಗ ಎಷ್ಟೋ ವಿಮರ್ಶಕರಿಗೆ ರುಚಿಸಲಿಲ್ಲ. ಮರುವರ್ಷ ಅತ್ಯುತ್ತಮ ಮ್ಯೂಸಿಕಲ್ ಪ್ರಶಸ್ತಿಯೂ ಗೊಂಬೆಗಳನ್ನಿಟ್ಟುಕೊಂಡು ಆಡಿದ 'ಅವೆನ್ಯೂ ಕ್ಯೂ' ಪಾಲಾಯಿತು. ಹುಡುಗಿಯರು ಮಾತ್ರ ಮತ್ತೆ ಮತ್ತೆ ಬಂದರು. ಮೊದಲ ನಟಿಯರು ಬಿಟ್ಟು ಹೋಗಿ ಎಷ್ಟು ಕಾಲವಾಯಿತು, ಆಟ ಇನ್ನೂ ನಡೆದೇ ಇದೆ.

ಹಾಗಾಗಿ ನಾನು ಮೊದಲ ವಾರದ ಸಿಳ್ಳೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೊದಲ ದಿನದ ವಿಮರ್ಶೆಯನ್ನೂ ಹಿಡಿಯುವುದಿಲ್ಲ. ಸ್ಟಾರ್ ಹೋದ ಮೇಲೆ ಏನಾಯಿತು ಅಂತ ನೋಡುತ್ತೇನೆ. ಇದೇ ಜಾಕ್‌ಮನ್ 'ದಿ ಬಾಯ್ ಫ್ರಮ್ ಆಜ್' ಆಡಿ 2004ರಲ್ಲಿ ಟೋನಿ ಗೆದ್ದರು. ಅವರ ಕರಾರು ಮುಗಿಯಿತು, ಆಟವೂ ಮುಗಿಯಿತು. 'ದಿ ಪ್ರೊಡ್ಯೂಸರ್ಸ್' 2001ರಲ್ಲಿ 12 ಟೋನಿ ಬಾಚಿತು, ವಿಮರ್ಶಕರೂ ತಲೆ ಮೇಲೆ ಹೊತ್ತು ಕುಣಿದರು. ಅದರ ಮುಖ್ಯ ನಟರು ನೇಥನ್ ಲೇನ್, ಮ್ಯಾಥ್ಯೂ ಬ್ರಾಡ್ರಿಕ್ ಇಬ್ಬರೂ ಬಿಟ್ಟ ಮೇಲೆ ಟಿಕೆಟ್ ಇಳಿಯಿತು. ಕಡೆಗೆ ಅವರನ್ನೇ ಕೆಲವು ತಿಂಗಳ ಮಟ್ಟಿಗೆ ವಾಪಸ್ ಕರೆಸಿಕೊಂಡರು. ಅಂದರೆ ವಿಮರ್ಶಕರು ನಾಟಕಕ್ಕೆ ಕೊಟ್ಟ ಅಂಕದಲ್ಲೂ ಸ್ವಲ್ಪ ಸ್ಟಾರ್‌ಗಳ ಪಾಲಿತ್ತು. ಇದನ್ನು ಯಾರೂ ಒಪ್ಪುವುದಿಲ್ಲ, ಬಿಡು.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ಸ್ಟಾರ್‌ಗಳಿಂದ ರಂಗಭೂಮಿ ಕೆಟ್ಟಿತು ಎಂಬ ಧಾಟಿಯಲ್ಲಿ ಬರೆದಿದ್ದೀರಿ. ಮರಾಠಿ ರಂಗದ ಗಾಯಕ-ನಟ ಬಾಲಗಂಧರ್ವರು ಸ್ಟಾರ್ ಅಲ್ಲವೇ? ನಮ್ಮ ಏಣಗಿ ಬಾಳಪ್ಪನವರು ಅಲ್ಲವೇ? ಸಂಗೀತ ನಾಟಕದ ನೆಲದಲ್ಲಿ ಕೂತು ಹೀಗೆ ಬರೆಯಬಾರದು.
- ನಿವೃತ್ತ ಶಿಕ್ಷಕರು, ಸವದತ್ತಿ ತಾಲೂಕು

ಉತ್ತರ: ಸರ್, ಬೈದದ್ದು ನೀವು ಅಂತ ಖುಷಿಯಾಯಿತು. ಸಂಗೀತ ನಾಟಕದ ಬಗ್ಗೆ ನಿಮ್ಮ ತಾಲೂಕಿನವರಿಗೆ ಬೈಯುವ ಹಕ್ಕು ಇದೆ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಪುಣೆಯಲ್ಲಿ 'ಶಾಕುಂತಲ' ಆಡಿಸಿ ದಾರಿ ಹಾಕಿಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಿಮ್ಮ ಗುರ್ಲಹೊಸೂರಿನಲ್ಲಿ. ಅವರು ಕಟ್ಟಿದ ಕಂಪನಿಗೇ 1905ರಲ್ಲಿ ಬಾಲಗಂಧರ್ವರು ಸೇರಿದ್ದು. ಬಾಳಪ್ಪನವರ ಏಣಗಿಯೂ ನಿಮ್ಮ ತಾಲೂಕೇ.

ಆದರೆ ನೋಡಿ, ಬಾಳಪ್ಪನವರು ಹುಡುಗನಿದ್ದಾಗ ಹೆಣ್ಣು ಪಾತ್ರ ಹಾಕಿದರು, ಬೆಳೆದ ಮೇಲೆ ಕಂಪನಿ ಕಟ್ಟಿದರು, ಬಸವಣ್ಣನಾಗಿ ಮನೆಮಾತಾದರು. ಅವರನ್ನು ಸ್ಟಾರ್ ಮಾಡಿದ್ದೇ ರಂಗ. ನಾನು ಗೊಣಗಿದ್ದು ಬೇರೆ ಕಡೆ ಗಳಿಸಿದ ಹೆಸರನ್ನು ರಂಗಕ್ಕೆ ಬಾಡಿಗೆ ತರುವ ಬಗ್ಗೆ. ಅಲ್ಲೂ ಸ್ಟಾರ್ ಅಂದರೆ ಎಲ್ಲರೂ ಒಂದೇ ಅಲ್ಲ. ಜಾಕ್‌ಮನ್ ಹಾಡು, ಕುಣಿತ ಎರಡೂ ಬಲ್ಲವರು, ರಂಗದಲ್ಲಿ ಪಳಗಿದವರು. ಸಿನಿಮಾ ಹೆಸರು ಅವರಿಗೆ ಬೋನಸ್ ಅಷ್ಟೇ. ಬಾಡಿಗೆ ಹೆಸರು ಅಂದರೆ ಏನು ಅಂತ ಕೆಳಗಿನ ಮುಧೋಳದವರ ಉತ್ತರದಲ್ಲಿ ಬರೆದಿದ್ದೇನೆ, ಓದಿ ನೋಡಿ. ಆಮೇಲೂ ಬೈಯಬೇಕು ಅನಿಸಿದರೆ ಕಾಗದ ಹಾಕಿ.

ಪ್ರಶ್ನೆ: ಟಿಕೆಟ್ ತೆಗೆದದ್ದು ಸ್ಟಾರ್ ನೋಡಲಿಕ್ಕೆ. ಆ ದಿನ ಅವರೇ ಬರಲಿಲ್ಲ ಅಂದರೆ ಬ್ರಾಡ್‌ವೇಯಲ್ಲಿ ಏನು ಮಾಡುತ್ತಾರೆ? ನಮ್ಮ ಜಾತ್ರೆಯಲ್ಲಾದರೆ ಕುರ್ಚಿ ಉಳಿಯುತ್ತಿರಲಿಲ್ಲ.
- ಕಿರಾಣಿ ವ್ಯಾಪಾರಿ, ಮುಧೋಳ

ಉತ್ತರ: ಕುರ್ಚಿ ಉಳಿಯದ ರಾತ್ರಿ ನಾನು ನೋಡಿದ್ದೇನೆ. ಬನಶಂಕರಿ ಜಾತ್ರೆ. ನಿಮಗೆ ಗೊತ್ತಲ್ಲ, ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ತಗಡಿನ ಥಿಯೇಟರುಗಳಲ್ಲಿ ಒಂದರ ಹಿಂದೆ ಒಂದು ಆಟ. ಒಂದು ಕಂಪನಿಯವರು, ಹೆಸರು ಬೇಡ, ಸಿನಿಮಾ ನಟಿಯೊಬ್ಬರು ಬರುತ್ತಾರೆ ಅಂತ ಇಡೀ ದಿನ ಜೀಪಿನಲ್ಲಿ ಮೈಕು ಕಟ್ಟಿ ಕೂಗಿಸಿದರು. ನಟಿ ಬಂದರು. ಟೇಪಿನ ಹಾಡಿಗೆ ಒಂದು ಡಾನ್ಸ್ ಮಾಡಿದರು, ಕೈ ಬೀಸಿದರು, ಕಾರು ಹತ್ತಿದರು. ನಾಟಕದಲ್ಲಿ ಅವರ ಪಾತ್ರವೇ ಇರಲಿಲ್ಲ. ಎರಡನೇ ಅಂಕದ ಹೊತ್ತಿಗೆ ಹಿಂದಿನ ಸಾಲಿನಿಂದ 'ರೊಕ್ಕ ವಾಪಸ್ ಕೊಡ್ರಿ' ಶುರುವಾಯಿತು. ಮ್ಯಾನೇಜರು ಗಲ್ಲಾಪೆಟ್ಟಿಗೆ ಸಮೇತ ಕಾಣೆ.

ಆಗ ಕಂಪನಿಯ ಹಿರಿಯ ನಟಿ, ತಾಯಿ ಪಾತ್ರದವರು, ಪರದೆ ಸರಿಸಿಕೊಂಡು ಮುಂದೆ ಬಂದರು. ಕ್ಷಮೆ ಕೇಳಲಿಲ್ಲ, ಭಾಷಣ ಮಾಡಲಿಲ್ಲ. ಸೀದಾ ಮುಂದಿನ ದೃಶ್ಯದ ಮಾತು ಶುರು ಮಾಡಿದರು. ಮಗ ಮನೆ ಬಿಟ್ಟು ಹೊರಟ ದೃಶ್ಯ. ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತವನಿಗೆ ಜನ ಕಾಣುವುದಿಲ್ಲ, ಕೇಳಿಸುತ್ತಾರೆ. ನಮ್ಮ ಕಡೆ ಆಟ ಹಿಡಿಸಿದೆಯೋ ಇಲ್ಲವೋ ಅಂತ ಶೇಂಗಾದಲ್ಲಿ ತಿಳಿಯುತ್ತದೆ. ಸಿಪ್ಪೆ ಒಡೆಯುವ ಸದ್ದು ಜಾಸ್ತಿ ಇದ್ದರೆ ಆಟ ಹೋಯಿತು ಅಂತಲೇ ಅರ್ಥ. ಅವತ್ತು ಮೊದಲು ಕೂಗಾಟ ಇಳಿಯಿತು, ಆಮೇಲೆ ಶೇಂಗಾ ನಿಂತಿತು. ಮುರಿದ ಕುರ್ಚಿಯವರು ನೆಲಕ್ಕೆ ಕೂತು ನೋಡಿದರು. ಆ ತಾಯಿಯ ಹೆಸರು ಜೀಪಿನ ಮೈಕಿನಲ್ಲಿ ಒಂದು ಸಲವೂ ಬಂದಿರಲಿಲ್ಲ.

ಬ್ರಾಡ್‌ವೇಯಲ್ಲಿ ಇದಕ್ಕೊಂದು ಪದ್ಧತಿ ಇದೆ. ಒಳಗೆ ಹೋಗುವಾಗ ಪ್ಲೇಬಿಲ್ ಅಂತ ಒಂದು ಪುಸ್ತಕ ಪುಕ್ಕಟೆ ಕೊಡುತ್ತಾರೆ. ಮುಖ್ಯ ನಟರು ಬಾರದಿದ್ದರೆ ಅದರೊಳಗೆ ಸಣ್ಣ ಚೀಟಿ ಇರುತ್ತದೆ, ಇವತ್ತು ಈ ಪಾತ್ರ ಇಂಥವರು ಅಂತ. ಅದನ್ನು ನೋಡಿ ಮುಖ ಸಣ್ಣ ಮಾಡಿಕೊಳ್ಳುವವರೂ ಇದ್ದಾರೆ. ನಾಟಕದ ಹೆಸರಿಗಿಂತ ಮೇಲೆ ಯಾರ ಹೆಸರು ಹಾಕಿ ಟಿಕೆಟ್ ಮಾರಿದ್ದಾರೋ ಅವರು ಬಾರದಿದ್ದರೆ ಸಾಮಾನ್ಯವಾಗಿ ದುಡ್ಡು ವಾಪಸ್ ಕೊಡುತ್ತಾರೆ, ಇಲ್ಲವೇ ಬೇರೆ ದಿನಕ್ಕೆ ಬದಲಿಸಿಕೊಡುತ್ತಾರೆ. ಪಾತ್ರ ಕಲಿತು ಕಾಯುವ ಬದಲಿ ನಟರಿಗೆ ಅಂಡರ್‌ಸ್ಟಡಿ ಅನ್ನುತ್ತಾರೆ. ಒಬ್ಬರೇ ಐದಾರು ಪಾತ್ರ ಕಲಿತಿದ್ದರೆ ಸ್ವಿಂಗ್.

'ಮ್ಯೂಸಿಕ್ ಮ್ಯಾನ್' ಕಥೆ ಇಲ್ಲೂ ಬರುತ್ತದೆ. 2021ರ ಡಿಸೆಂಬರ್ 23, ನಾಟಕ ಅಧಿಕೃತವಾಗಿ ಶುರುವಾಗುವ ಮುಂಚಿನ ಪ್ರಿವ್ಯೂ ಆಟ. ನಾಯಕಿ ಸಟನ್ ಫಾಸ್ಟರ್‌ಗೆ ಕೊರೊನಾ. ಕ್ಯಾಥಿ ವಾಯ್ಟ್ಕೊ ಎಂಬ ಸ್ವಿಂಗ್ ನಟಿಗೆ ಮಧ್ಯಾಹ್ನ ವಿಷಯ ತಿಳಿಯಿತು, ರಾತ್ರಿ ಇಡೀ ನಾಯಕಿ ಪಾತ್ರ ಮಾಡಿದರು. ಆಟ ಮುಗಿದ ಮೇಲೆ ಜಾಕ್‌ಮನ್ ಚಪ್ಪಾಳೆ ನಿಲ್ಲಿಸಿ, ಈ ಬದಲಿ ನಟರೇ ಬ್ರಾಡ್‌ವೇಯ ಅಡಿಪಾಯ ಅಂತ ಹೇಳಿದರು. ಆ ವಿಡಿಯೊ ಲೋಕವೆಲ್ಲ ಸುತ್ತಿತು. ಒಬ್ಬ ಸ್ಟಾರ್ ಮಾಡಬಹುದಾದ ಒಳ್ಳೆ ಕೆಲಸ ಅದು. ನಮ್ಮ ಆ ತಾಯಿಗೂ ಯಾರಾದರೂ ಹಾಗೆ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಅವತ್ತಿನ ಪಗಾರವೂ ಅವರಿಗೆ ತಡವಾಗಿಯೇ ಬಂತು.

ಪ್ರಶ್ನೆ: ನಾಟಕ ಅದೇ, ಮಾತು ಅದೇ, ಹಾಡೂ ಅದೇ. ನಟಿ ಒಬ್ಬರು ಬದಲಾದರೆ ಜನರ ಅಭಿಪ್ರಾಯ ತಿರುಗುತ್ತದೆಯೇ?
- ಹವ್ಯಾಸಿ ನಟ, ಜಮಖಂಡಿ

ಉತ್ತರ: ತಿರುಗುತ್ತದೆ ತಮ್ಮ, ಗಾಣದ ಎತ್ತಿನಂತೆ ತಿರುಗುತ್ತದೆ. 'ಫನಿ ಗರ್ಲ್' ನೋಡು. 1964ರಲ್ಲಿ ಬಾರ್ಬ್ರಾ ಸ್ಟ್ರೈಸಂಡ್ ಆಡಿ ಹೆಸರು ಮಾಡಿದ ನಾಟಕ. ಅವರ ನೆರಳಿಗೆ ಹೆದರಿಯೋ ಏನೋ, ಬ್ರಾಡ್‌ವೇಯಲ್ಲಿ ಮತ್ತೆ ಯಾರೂ ಮುಟ್ಟಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಬೀನಿ ಫೆಲ್ಡ್‌ಸ್ಟೀನ್ ಎಂಬ ಸಿನಿಮಾ ನಟಿಯನ್ನು ಹಾಕಿ ಮತ್ತೆ ತಂದರು. ನಗಿಸುತ್ತಾರೆ ಸರಿ, ಈ ಹಾಡುಗಳಿಗೆ ಕಂಠ ಸಾಲದು ಅಂತ ವಿಮರ್ಶಕರು ಬರೆದರು. ಜುಲೈ ಮುಗಿಯುವಷ್ಟರಲ್ಲಿ ಅವರು ಬಿಟ್ಟರು. ಸೆಪ್ಟೆಂಬರಿನಲ್ಲಿ ಲಿಯಾ ಮಿಶೆಲ್ ಬಂದರು. ಟಿವಿಯ 'ಗ್ಲೀ' ಸರಣಿಯಲ್ಲಿ ಇದೇ ನಾಟಕದ ಕನಸು ಕಾಣುವ ಹುಡುಗಿಯಾಗಿದ್ದವರು. ಆಟದ ನಡುವೆಯೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಟಿಕೆಟ್ ಏರಿತು, ಮತ್ತೆ ಬಂದು ನೋಡಿದ ವಿಮರ್ಶಕರೂ ಮೆಚ್ಚಿದರು.

ನನಗೆ ಇದರಲ್ಲಿ ಹಿಡಿಸಿದ್ದು ನಡುವಿನ ಆಗಸ್ಟ್ ತಿಂಗಳು. ಒಬ್ಬರು ಹೋಗಿದ್ದಾರೆ, ಇನ್ನೊಬ್ಬರು ಬಂದಿಲ್ಲ. ಆ ತಿಂಗಳು ಪಾತ್ರ ಹೊತ್ತವರು ಜೂಲಿ ಬೆಂಕೊ, ಬದಲಿ ನಟಿ. ಎಷ್ಟು ಚೆನ್ನಾಗಿ ಮಾಡಿದರೆಂದರೆ ಲಿಯಾ ಮಿಶೆಲ್ ಬಂದ ಮೇಲೂ ಗುರುವಾರದ ಆಟವನ್ನು ಬೆಂಕೊಗೇ ಬಿಟ್ಟುಕೊಟ್ಟರು. ನಾನು ನ್ಯೂಯಾರ್ಕಿನಲ್ಲಿದ್ದಿದ್ದರೆ ಗುರುವಾರವೇ ಟಿಕೆಟ್ ತೆಗೆಯುತ್ತಿದ್ದೆ.

ಪ್ರಶ್ನೆ: ವಿಮರ್ಶಕರು ಮೊದಲ ದಿನವೇ ಬರುತ್ತಾರಾ? ಮೊದಲ ಆಟ ಯಾವಾಗಲೂ ಎಡವಟ್ಟು ಅಲ್ವಾ?
- ಹೆಸರು ಬೇಡ ಎಂದವರು, ವಿಜಯಪುರ

ಉತ್ತರ: ಅಲ್ಲಿ ಮೊದಲ ಕೆಲವು ವಾರ ಪ್ರಿವ್ಯೂ ಅಂತ ಆಡುತ್ತಾರೆ. ಜನ ದುಡ್ಡು ಕೊಟ್ಟೇ ನೋಡುತ್ತಾರೆ, ಆದರೆ ತಿದ್ದುಪಡಿ ನಡೆದಿರುತ್ತದೆ. ಹಾಡು ತೆಗೆಯುತ್ತಾರೆ, ಸೇರಿಸುತ್ತಾರೆ. ವಿಮರ್ಶಕರು ಕೊನೆಯ ಕೆಲವು ಪ್ರಿವ್ಯೂಗಳಿಗೆ ಬಂದು ನೋಡಿ, ಓಪನಿಂಗ್, ಅಂದರೆ ಅಧಿಕೃತ ಮೊದಲ ಆಟದ ರಾತ್ರಿ ತನಕ ಬಾಯಿ ಮುಚ್ಚಿಕೊಂಡಿರಬೇಕು. 'ಸ್ಪೈಡರ್‌ಮ್ಯಾನ್' ಸಂಗೀತ ನಾಟಕದವರು ಈ ರಿಯಾಯಿತಿಯನ್ನು ಎಳೆದೆಳೆದು ಹರಿದರು. 2010ರ ನವೆಂಬರಿನಿಂದ 182 ಪ್ರಿವ್ಯೂ! ಖರ್ಚು ಸುಮಾರು 7.5 ಕೋಟಿ ಡಾಲರ್, ಹಗ್ಗದಲ್ಲಿ ಹಾರುವ ನಟರಿಗೆ ಪೆಟ್ಟು ಬೇರೆ. ವಿಮರ್ಶಕರು ಕಾದು ಕಾದು ಸಾಕಾಗಿ ಫೆಬ್ರವರಿಯಲ್ಲೇ ಬರೆದುಬಿಟ್ಟರು, ಮೈ ಚರ್ಮ ಸುಲಿದರು. ಓಪನಿಂಗ್ ಆದದ್ದು 2011ರ ಜೂನ್‌ನಲ್ಲಿ. ಆದರೂ ಆಟ 2014ರ ಜನವರಿ ತನಕ ಎಳೆಯಿತು. ಹಾಕಿದ ದುಡ್ಡು ಮಾತ್ರ ಹುಟ್ಟಲಿಲ್ಲ.

ನಿಮ್ಮಲ್ಲಿ ಕಂದಗಲ್ ಹನುಮಂತರಾಯರ ಹೆಸರಿನ ರಂಗಮಂದಿರ ಇದೆಯಲ್ಲ, ಅಲ್ಲಿ ಆಡುವ ತಂಡಗಳಿಗೆ ಸಿಗುವುದೇ ಒಂದು ದಿನ. ಪ್ರಿವ್ಯೂ, ಓಪನಿಂಗ್, ಮಂಗಳಾರತಿ ಎಲ್ಲ ಅವತ್ತೇ.

ಪ್ರಶ್ನೆ: ಅಲ್ಲಿಯ ಜನ ಶಿಸ್ತಿನವರಂತೆ, ಸಿಳ್ಳೆ ಹೊಡೆಯುವುದಿಲ್ಲವಂತೆ. ನಿಜವೇ?
- ಗೃಹಿಣಿ, ರಬಕವಿ

ಉತ್ತರ: ಯಾರು ಹೇಳಿದ್ದು ಅಕ್ಕಾವ್ರೇ? ಸ್ಟಾರ್ ರಂಗಕ್ಕೆ ಬಂದ ಕೂಡಲೇ, ಇನ್ನೂ ಒಂದು ಮಾತೂ ಆಡಿಲ್ಲ, ಚಪ್ಪಾಳೆ, ಕಿರುಚಾಟ. ಪಾಪ, ಅವರು ಪಾತ್ರದಲ್ಲೇ ನಿಂತು ಕಾಯಬೇಕು. ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ. ಈಗ ಆಟ ಹೇಗೇ ಇದ್ದರೂ ಏಳುತ್ತಾರೆ ಅಂತ ಅಲ್ಲಿಯ ವಿಮರ್ಶಕರದ್ದೇ ದೂರು. ನನ್ನ ಮುಂದೆ ಕೂತವರು ನಡುನಡುವೆ ನಿದ್ದೆ ಹೋಗಿದ್ದರು, ಕೊನೆಗೆ ಎಲ್ಲರಿಗಿಂತ ಮೊದಲು ಎದ್ದವರು ಅವರೇ! ಆಟ ಮುಗಿದ ಮೇಲೆ ಹಿಂಬಾಗಿಲಲ್ಲಿ ಸಹಿಗೆ ನೂಕುನುಗ್ಗಲು. ಒಂದು ಮಾತ್ರ ಇಲ್ಲ, ನಮ್ಮ ಒನ್ಸ್ ಮೋರ್. ಬಾಲಗಂಧರ್ವರಿಗೆ ಒನ್ಸ್ ಮೋರ್ ಬಿದ್ದರೆ ಮತ್ತೆ ಹಾಡುತ್ತಿದ್ದರು, ಆಟ ಬೆಳಗಿನ ಜಾವ ಮುಟ್ಟುತ್ತಿತ್ತು. ಅಲ್ಲಿ ವಾರಕ್ಕೆ 8 ಆಟ. ಒನ್ಸ್ ಮೋರ್ ಅಂದರೆ ನಟರ ಸಂಘದವರು ಮಾಲಕರಿಗೆ ಬಿಲ್ಲು ಕಳಿಸಿಯಾರು.

ಪ್ರಶ್ನೆ: ಟಿಕೆಟ್ ರೇಟು ಎಷ್ಟು? ನಮ್ಮ ಭಾರತದವರ ನಾಟಕ ಅಲ್ಲಿ ಹೋಗಿದೆಯಾ?
- ಬ್ಯಾಂಕ್ ನೌಕರ, ಬೆಳಗಾವಿ

ಉತ್ತರ: 2025ರಲ್ಲಿ ಹಾಲಿವುಡ್ ಸ್ಟಾರ್ ಡೆಂಜೆಲ್ ವಾಷಿಂಗ್ಟನ್ ಆಡಿದ 'ಒಥೆಲೊ'ಗೆ ಒಳ್ಳೆಯ ಸೀಟು 921 ಡಾಲರ್. ಅದು ಸಂಗೀತ ನಾಟಕ ಅಲ್ಲ, ಆದರೂ ಹೇಳಿದೆ. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಲಕ್ಷ ದಾಟಿತು. ಟೋನಿಗೆ ಒಂದು ನಾಮನಿರ್ದೇಶನವೂ ಬರಲಿಲ್ಲ. ಬಡವರಿಗೂ ದಾರಿ ಇದೆ: ಟೈಮ್ಸ್ ಸ್ಕ್ವೇರಿನಲ್ಲಿ 1973ರಿಂದ ಅದೇ ದಿನದ ಟಿಕೆಟ್ಟನ್ನು ಕಡಿಮೆ ದರಕ್ಕೆ ಮಾರುವ ಕಿಟಕಿ ಇದೆ. ನಾನೂ ಅಲ್ಲೇ ಸರದಿ ನಿಂತದ್ದು. ಮಗಳಿಗೆ ನಾಚಿಕೆ, ನನಗಿಲ್ಲ.

ಎ.ಆರ್. ರೆಹಮಾನ್ ಸಂಗೀತದ 'ಬಾಂಬೆ ಡ್ರೀಮ್ಸ್' 2002ರಲ್ಲಿ ಲಂಡನ್ನಿನಲ್ಲಿ ಆಡಿ, 2004ರ ಏಪ್ರಿಲ್‌ನಲ್ಲಿ ಬ್ರಾಡ್‌ವೇಗೆ ಹೋಯಿತು. ಹೊಸ ವರ್ಷದ ದಿನವೇ ಪರದೆ ಬಿತ್ತು.

ಪ್ರಶ್ನೆ: ಇಲ್ಲೇ ಕೂತು ಒಂದಾದರೂ ನೋಡಲು ದಾರಿ ಹೇಳಿ.
- ನರ್ಸ್, ಬಾದಾಮಿ

ಉತ್ತರ: 'ಹ್ಯಾಮಿಲ್ಟನ್' ನೋಡಿ. ಮೂಲ ತಂಡದ ಆಟವನ್ನೇ ಕ್ಯಾಮೆರಾದಲ್ಲಿ ಹಿಡಿದು 2020ರಲ್ಲಿ ಡಿಸ್ನಿಯವರು ಬಿಟ್ಟಿದ್ದಾರೆ. ಬರೆದವರೇ, ಲಿನ್-ಮ್ಯಾನ್ಯುಯೆಲ್ ಮಿರಾಂಡಾ, ಮುಖ್ಯ ಪಾತ್ರ ಮಾಡಿದ್ದಾರೆ. 2016ರಲ್ಲೇ ಪಾತ್ರ ಬಿಟ್ಟರು, ನಾಟಕ ಇನ್ನೂ ನಡೆದಿದೆ. ಮಾತು ಬಲು ವೇಗ, ಕೆಳಗೆ ಅಕ್ಷರ ಹಾಕಿಕೊಂಡೇ ನೋಡಿ. ಎರಡೂ ಮುಕ್ಕಾಲು ಗಂಟೆಯ ಹತ್ತಿರ ಆಗುತ್ತದೆ. ನೈಟ್ ಡ್ಯೂಟಿ ಇಲ್ಲದ ದಿನ, ಊಟ ಮುಗಿಸಿ ಕೂತುಕೊಳ್ಳಿ.