ಫೋನ್ ರಿಂಗಾದರೆ ಇಂಟರ್‌ನೆಟ್ ಕಡಿತ: ಮಹಡಿಯ ಎಕ್ಸ್‌ಟೆನ್ಷನ್ ನೋಡಿ

ಫೋನ್ ರಿಂಗಾದ ಕೂಡಲೇ ಬ್ರಾಡ್‌ಬ್ಯಾಂಡ್ ಕಡಿದುಹೋಗುತ್ತದೆ ಎಂದಿದ್ದೀರಿ. ಹಾಗಿದ್ದರೆ ಮೋಡೆಮ್ ಬದಲಿಸಿ ದುಡ್ಡು ಕಳೆದುಕೊಳ್ಳಬೇಡಿ. ಮಹಡಿಗೆ ಎಳೆದಿರುವ ಎಕ್ಸ್‌ಟೆನ್ಷನ್ ತಂತಿ ಬಹುಶಃ ಸ್ಪ್ಲಿಟರ್‌ಗೆ (ಮಾತನ್ನೂ ಇಂಟರ್‌ನೆಟ್ಟನ್ನೂ ಬೇರ್ಪಡಿಸುವ ಪುಟ್ಟ ಡಬ್ಬಿ) ಮೊದಲೇ ಕವಲೊಡೆದಿದೆ. ಒಂದೇ ತಾಮ್ರದ ಜೋಡಿಯಲ್ಲಿ ಮಾತು 4 ಕಿಲೋಹರ್ಟ್ಸ್ ಒಳಗೆ, ಡಿಎಸ್‌ಎಲ್ (ಫೋನ್ ತಂತಿಯ ಬ್ರಾಡ್‌ಬ್ಯಾಂಡ್) ಸುಮಾರು 25ರ ಮೇಲೆ ಸಾಗುತ್ತದೆ. ಸ್ಪ್ಲಿಟರ್‌ನಂಥ ಫಿಲ್ಟರ್ ಇಲ್ಲದ ಒಂದು ಫೋನ್ ಸಾಕು, ಎರಡೂ ಕಲಸಿಹೋಗಲು.

ಎಲ್ಲ ಫೋನ್‌ಗಳನ್ನೂ, ಮಹಡಿಯ ತಂತಿಯನ್ನೂ ಬಿಡಿಸಿ, ಲೈನ್ ಮನೆಯೊಳಗೆ ಬರುವ ಮೊದಲ ರೋಸೆಟ್‌ಗೆ (ಫೋನ್ ತಂತಿ ಸಿಕ್ಕಿಸುವ ಗೋಡೆಯ ಡಬ್ಬಿ) ಮೋಡೆಮ್ ಒಂದನ್ನೇ ಸಿಕ್ಕಿಸಿ. ಮೊಬೈಲ್‌ನಿಂದ ನಾಲ್ಕಾರು ಬಾರಿ ಆ ಸಂಖ್ಯೆಗೆ ಕರೆ ಮಾಡಿ. ಕಡಿಯಲಿಲ್ಲವೇ? ಅಲ್ಲಿಯೇ ಸ್ಪ್ಲಿಟರ್ ಹಾಕಿ (ಎಸ್‌.ಪಿ. ರಸ್ತೆಯಲ್ಲಿ, ಅಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ವಿಚಾರಿಸಿ), ಅದರ ಫೋನ್ ಕಿಂಡಿಯಿಂದ ಮಹಡಿಗೆ ತಂತಿ ಕೊಡಿ. ಮೋಡೆಮ್ ಒಂದೇ ಇದ್ದಾಗಲೂ ಕಡಿದರೆ ಹೊರಗಿನ ಜಾಯಿಂಟ್ ಮಳೆಗೆ ಕಿಲುಬು ಹಿಡಿದಿರಬಹುದು. ಮೋಡೆಮ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಲೈನಿನ ಗದ್ದಲ ತಡೆಯಲು ಸಿಗ್ನಲ್‌ಗೆ ಉಳಿದಿರುವ ಅಂತರ) 6 ಡೆಸಿಬಲ್‌ಗಿಂತ ಕಡಿಮೆ ಕಂಡರೆ ಅದನ್ನೇ ಬರೆದು ದೂರು ಕೊಡಿ.