ಸಿಡ್ನಿ ಬಳಿಯ ಕೈದಿಗಳ ರಸ್ತೆಗೆ ವಯಸ್ಸಾದ ತಂದೆ-ತಾಯಿಯನ್ನು ಕರೆದುಕೊಂಡು ಹೋಗಬಹುದೇ?

ಧಾರಾಳವಾಗಿ ಹೋಗಬಹುದು, ಆದರೆ ನೀವು ಅಂದುಕೊಂಡಿರುವ ದಾರಿಯಲ್ಲಿ ಬೇಡ. ಊರಿನಿಂದ ಬರುವ ತಂದೆ-ತಾಯಿಗೆ ವೈಸ್‌ಮನ್ಸ್ ಫೆರಿ ಎಂಬ ನದಿದಂಡೆಯ ಊರಿನ ಬಳಿ ಫಿಂಚ್ಸ್ ಲೈನ್ ಹತ್ತಿಸಿ, ಮೇಲಿನಿಂದ ಹಾಕ್ಸ್‌ಬರಿ ನದಿ ತೋರಿಸಬೇಕೆಂದು ಬರೆದಿದ್ದೀರಿ. ತಂದೆ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು, ತಾಯಿಗೆ ಮಂಡಿನೋವು ಎಂದೂ ಹೇಳಿದ್ದೀರಿ. ಇಷ್ಟು ತಿಳಿದ ಮೇಲೆ ನನ್ನ ಸಲಹೆ ಒಂದೇ: ಫಿಂಚ್ಸ್ ಲೈನ್ ಬಿಡಿ, ಡಿವೈನ್ಸ್ ಹಿಲ್ ಹತ್ತಿಸಿ.

ಎರಡೂ ಕೈದಿಗಳು ಕಟ್ಟಿದ ಓಲ್ಡ್ ಗ್ರೇಟ್ ನಾರ್ತ್ ರೋಡ್ ಎಂಬ ಒಂದೇ ರಸ್ತೆಯ ಎರಡು ಏರುದಾರಿಗಳು. ಸಿಡ್ನಿಯಿಂದ ಉತ್ತರದ ಹಂಟರ್ ಕಣಿವೆಗೆ ರಸ್ತೆ ಬೇಕೆಂದು ಅಲ್ಲಿ ಜಮೀನು ಹಿಡಿದವರು ಒತ್ತಾಯಿಸುತ್ತಿದ್ದ ಕಾಲದಲ್ಲಿ, 1825ರಲ್ಲಿ, ಹೆನಿಜ್ ಫಿಂಚ್ ಎಂಬ ಸರ್ವೇಯರ್ ದಾರಿ ಗುರುತಿಸಿದ. 1826ರಲ್ಲಿ ಕೆಲಸ ಶುರುವಾಯಿತು. ನದಿ ದಾಟಿದ ಕೂಡಲೇ ಎದುರಾಗುವ ಗುಡ್ಡಕ್ಕೆ ಅವನು ಆರಿಸಿದ ಏರು ಎಷ್ಟು ಕಡಿದಾಗಿತ್ತೆಂದರೆ ಸರಕು ತುಂಬಿದ ಗಾಡಿಗಳಿಗೆ ಅದು ಒಗ್ಗುವಂತಿರಲಿಲ್ಲ. 1828ರಲ್ಲಿ ಮೇಲ್ವಿಚಾರಣೆಗೆ ಬಂದ ಪರ್ಸಿ ಸಿಂಪ್ಸನ್ ಆ ದಾರಿಯನ್ನು ಬಿಡಿಸಿ, ಡಿವೈನ್ಸ್ ಹಿಲ್‌ನ ಪಕ್ಕೆಯನ್ನು ಕಡಿದು ಹೊಸದಾಗಿ ರಸ್ತೆ ಹಾಕಿಸಿದ. ಅಂದರೆ ಎತ್ತುಗಳಿಗೇ ಕಷ್ಟವೆಂದು ಆ ಕಾಲದವರು ಕೈಬಿಟ್ಟ ಏರನ್ನು ನೀವು ಮಂಡಿನೋವಿನವರಿಂದ ಹತ್ತಿಸಲು ಹೊರಟಿದ್ದೀರಿ!

ಡಿವೈನ್ಸ್ ಹಿಲ್ ಹಾಗಲ್ಲ. ಗೇಟು ಹಾಕಿ ವಾಹನ ನಿಲ್ಲಿಸಿರುವುದರಿಂದ ಇಡೀ ರಸ್ತೆ ನಡೆಯುವವರದು (ಸೈಕಲ್‌ಗಳು ಬರುತ್ತವೆ, ಇಳಿಜಾರಿನಲ್ಲಿ ಎಚ್ಚರ). ಏರು ಇದೆ, ಆದರೆ ಒಂದೇ ಹದದಲ್ಲಿದೆ. ನೋಡಬೇಕಾದದ್ದು ಬಹುಪಾಲು ಮೊದಲ ಎರಡು ಕಿಲೋಮೀಟರಿನೊಳಗೇ ಸಿಗುವುದರಿಂದ ತಾಯಿಗೆ ಸಾಕೆನಿಸಿದ ಕಡೆ ಹಿಂತಿರುಗಿದರೂ ಏನೂ ಕಳೆದುಕೊಂಡಂತಲ್ಲ.

ನಿಮ್ಮ ತಂದೆಯಂತೂ ಅಲ್ಲಿಂದ ಬೇಗ ಏಳುವುದಿಲ್ಲ. ಅವರನ್ನು ಕಣಿವೆಯ ಬದಿಗೆ ಕರೆದುಕೊಂಡು ಹೋಗಿ ತಡೆಗೋಡೆ ತೋರಿಸಿ. ಮರಳುಗಲ್ಲನ್ನು ಉಳಿಯಿಂದ ಚೌಕವಾಗಿ ಕೆತ್ತಿ, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ; ಕೆಲವು ಕಡೆ ಗೋಡೆ ನಾಲ್ಕಾಳೆತ್ತರಕ್ಕೂ ಮೀರಿದೆ. ಭಾರ ಹೆಚ್ಚು ಬೀಳುವಲ್ಲಿ ಹೊರಗಿನಿಂದ ಕಲ್ಲಿನ ಆನಿಕೆಗಳನ್ನು ಕೊಟ್ಟಿದ್ದಾರೆ. ಇನ್ನೂ ಚೆಂದ ಮೋರಿಗಳದು. ಗುಡ್ಡದಿಂದ ಇಳಿಯುವ ಮಳೆನೀರು ರಸ್ತೆಯ ಒಳಬದಿಯ ಚರಂಡಿಗೆ ಬೀಳುತ್ತದೆ, ಚರಂಡಿಯಿಂದ ರಸ್ತೆಯಡಿಯ ಕಲ್ಲಿನ ಮೋರಿಗೆ ನುಗ್ಗುತ್ತದೆ, ಅಲ್ಲಿಂದ ಗೋಡೆಯ ಹೊರಮೈಯಲ್ಲಿ ಬಿಟ್ಟಿರುವ ಬಾಯಿಯಿಂದ ಕಣಿವೆಗೆ ಹಾರುತ್ತದೆ. ನೀರು ಗೋಡೆಯ ಬುಡ ಕೊರೆಯಬಾರದೆಂಬ ಲೆಕ್ಕಾಚಾರ ಅದು. ಮಳೆ ಬಂದ ಮರುದಿನ ಹೋದರೆ ಕೆಲವು ಮೋರಿಗಳು ಈಗಲೂ ಆ ಕೆಲಸ ಮಾಡುತ್ತಿರುವುದನ್ನು ನೋಡಬಹುದು. ನಮ್ಮ ಬಡಾವಣೆಗಳಲ್ಲಿ ಹೋದ ವರ್ಷ ಕಟ್ಟಿದ ಮೋರಿಯ ಬಗ್ಗೆ ಈ ಮಾತು ಹೇಳುವ ಧೈರ್ಯ ನನಗಿಲ್ಲ.

ರಸ್ತೆಯ ಒಳಬದಿಯ ಬಂಡೆಯನ್ನು ಹತ್ತಿರದಿಂದ ನೋಡಿ. ಉಳಿಯ ಏಟುಗಳು ಸಾಲುಸಾಲಾಗಿ ಓರೆಯಾಗಿ ಇಳಿದಿವೆ. ನಡುನಡುವೆ ಉದ್ದಕ್ಕೆ ಸೀಳಿದ ಕೊಳವೆಯ ಅರ್ಧದಂಥ ಗೀರುಗಳು ಕಾಣುತ್ತವೆ. ಕೈಯಿಂದ ಕುಳಿ ಕೊರೆದು ಮದ್ದು ತುಂಬಿ ಸಿಡಿಸಿದಾಗ ಬಂಡೆಯಲ್ಲಿ ಉಳಿದ ಅರ್ಧ ಅದು. ಬೆರಳಿಟ್ಟು ನೋಡಬೇಕೆಂದು ಆಸೆಯಾಗುತ್ತದೆ, ಆದರೆ ಮೆತ್ತನೆಯ ಕಲ್ಲು, ಸವೆಯುತ್ತದೆ. ಕಣ್ಣಿನಲ್ಲೇ ಮುಟ್ಟಿ.

ಇದನ್ನು ಕಟ್ಟಿದವರ ಬಗ್ಗೆ ತಂದೆ-ತಾಯಿ ಕೇಳಿಯೇ ಕೇಳುತ್ತಾರೆ. 1788ರಿಂದ 1868ರವರೆಗೆ ಬ್ರಿಟನ್ ಸುಮಾರು 1,62,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಹಾಕಿತು. ನಮ್ಮವರಿಗೆ ಅಂಡಮಾನಿನ ಕರಿನೀರು ಎಂದರೆ ಅರ್ಥವಾಗುವಂಥ ಶಿಕ್ಷೆ. ಹಸಿವಿಗೆ ಬ್ರೆಡ್ಡು ಕದ್ದವರು ಇವರೆಲ್ಲ ಎಂಬ ಕಥೆ ಇಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಬಹಳಷ್ಟು ಜನ ಬಂದದ್ದು ಕಳ್ಳತನಕ್ಕೆ, ನಿಜ. ಆದರೆ ಕಾಲಿಗೆ ಬೇಡಿ ಹಾಕಿಸಿಕೊಂಡು ಇಂಥ ರಸ್ತೆಯಲ್ಲಿ ಕಲ್ಲು ಕಡಿದವರಲ್ಲಿ ಹೆಚ್ಚಿನವರು ಇಲ್ಲಿಗೆ ಬಂದ ಮೇಲೆ ಇನ್ನೊಮ್ಮೆ ತಪ್ಪಿತಸ್ಥರೆನಿಸಿಕೊಂಡವರು. ಆ ಎರಡನೆಯ ತಪ್ಪು ದರೋಡೆಯೂ ಇರಬಹುದು, ಯಜಮಾನನ ಬಳಿಯಿಂದ ಓಡಿಹೋದದ್ದೂ ಇರಬಹುದು. ಅವರಲ್ಲಿ ಕಸುಬುದಾರ ಕಲ್ಲುಕುಟಿಗರು ವಿರಳ. ಚಾಟಿಯ ಭಯದಲ್ಲಿ, ಕಸುಬು ಗೊತ್ತಿಲ್ಲದ ಕೈಗಳಿಂದ ಇಂಥ ಗೋಡೆ ಎದ್ದಿತು ಎಂಬುದು ನನಗೆ ಈಗಲೂ ಪೂರ್ತಿ ಜೀರ್ಣವಾಗದ ಸಂಗತಿ. ಸಿಂಪ್ಸನ್ ಕೆಲಸ ಬಲ್ಲವನಾಗಿದ್ದ ಎಂಬುದು ಒಂದು ಕಾರಣ. ಹೆಸರು ಮಾತ್ರ ಅವನದು ಉಳಿಯಿತು, ಕಲ್ಲು ಹೊತ್ತವರದಲ್ಲ.

ಇಷ್ಟೆಲ್ಲ ಮಾಡಿದ ರಸ್ತೆ ಹೆಚ್ಚು ಕಾಲ ಬಳಕೆಯಾಗಲೇ ಇಲ್ಲ. 1836ರ ಹೊತ್ತಿಗೆ ಕೆಲಸ ಮುಗಿಯುವಾಗಲೇ ಜನ ಬೇರೆ ದಾರಿ ಹಿಡಿದಿದ್ದರು. ದಿಬ್ಬದ ಮೇಲೆ ಜಾನುವಾರುಗಳಿಗೆ ನೀರಿಲ್ಲ, ಮೇವಿಲ್ಲ. 1831ರಲ್ಲಿ ಸಿಡ್ನಿ ಮತ್ತು ಹಂಟರ್ ನಡುವೆ ಉಗಿಹಡಗು ಬಂದ ಮೇಲಂತೂ ಗಾಡಿಯಲ್ಲಿ ದಿನಗಟ್ಟಲೆ ಅಲುಗಾಡುವ ಗ್ರಹಚಾರ ಯಾರಿಗೆ ಬೇಕು? ಬಳಸದೆ ಬಿಟ್ಟದ್ದರಿಂದಲೇ ಡಾಂಬರು ಬೀಳಲಿಲ್ಲ, ಅಗಲೀಕರಣವಾಗಲಿಲ್ಲ. 2010ರಲ್ಲಿ ಯುನೆಸ್ಕೋ ಆಸ್ಟ್ರೇಲಿಯಾದ ಹನ್ನೊಂದು ಕೈದಿ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಭಾಗವೂ ಸೇರಿತು.

ದಾರಿಯಲ್ಲಿ ಹ್ಯಾಂಗ್‌ಮನ್ಸ್ ರಾಕ್ ಎಂಬ ಬಂಡೆ ಸಿಗುತ್ತದೆ. ಅಲ್ಲಿ ಕೈದಿಗಳನ್ನು ನೇಣಿಗೇರಿಸುತ್ತಿದ್ದರಂತೆ ಎಂದು ಯಾರಾದರೂ ಹೇಳಿಯೇ ತೀರುತ್ತಾರೆ. ಆಧಾರವಿಲ್ಲದ ಕಥೆ. ನೇಣು ಹಾಕಲು ಸರ್ಕಾರಕ್ಕೆ ಬೇರೆ ಕಡೆ ಬೇಕಾದಷ್ಟು ಏರ್ಪಾಡಿತ್ತು.

ಈ ನೆಲ ಡಾರುಗ್ ಜನರದು, ಈ ಹೊಳೆಯನ್ನು ಅವರು ಡ್ಯಾರಬ್ಬಿನ್ ಎನ್ನುತ್ತಾರೆ. ರಸ್ತೆ ಬರುವುದಕ್ಕೆ ಮೂರು ದಶಕ ಮೊದಲೇ ಈ ನದಿಯ ದಂಡೆಯ ಫಲವತ್ತಾದ ನೆಲಕ್ಕಾಗಿ ವಲಸಿಗರಿಗೂ ಅವರಿಗೂ ರಕ್ತ ಹರಿದಿತ್ತು. ಕೈದಿಗಳ ಕಷ್ಟ ಹೇಳುವಾಗ ಇದನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ.

ಇನ್ನು ನದಿಯ ನೋಟದ ವಿಚಾರ. ಡಿವೈನ್ಸ್ ಹಿಲ್‌ನಿಂದ ಮರಗಳ ಸಂದಿಯಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಕಾಣುತ್ತದೆ, ಅಷ್ಟೇ. ಫಿಂಚ್ಸ್ ಲೈನ್‌ನ ಬಂಡೆಯಂಚಿನಿಂದ ಹೊಳೆಯ ತಿರುವು ಬಹಳ ಚೆನ್ನಾಗಿ ಕಾಣುತ್ತದೆ ಎಂಬುದು ನಿಜ. ಆದರೆ ತಂದೆ-ತಾಯಿಗೆ ಅಂಥದೇ ನೋಟವನ್ನು ಕಾರಿನಿಂದ ಇಳಿದೇ ತೋರಿಸಬಹುದು: ದಕ್ಷಿಣದ ದಂಡೆಯಲ್ಲಿ, ಓಲ್ಡ್ ನಾರ್ದರ್ನ್ ರಸ್ತೆ ಊರಿಗೆ ಇಳಿಯುವ ಮೊದಲು, ಹಾಕಿನ್ಸ್ ಲುಕ್‌ಔಟ್ ಇದೆ. ನಿಮಗೊಬ್ಬರಿಗೇ ಕಾಲು ತುರಿಸಿದರೆ ಇನ್ನೊಂದು ದಿನ ಗೆಳೆಯರ ಜೊತೆ ಹೋಗಿ ಡಿವೈನ್ಸ್ ಹಿಲ್ ಹತ್ತಿ ಫಿಂಚ್ಸ್ ಲೈನ್ ಇಳಿಯಿರಿ. ಸುತ್ತು ಹಾಕಿ ಬರಲು ಅರ್ಧ ದಿನ ಬೇಕು.

ಸಿಡ್ನಿ ನಗರದಿಂದ ಸುಮಾರು 75 ಕಿ.ಮೀ., ಒಂದೂವರೆ ಗಂಟೆಯ ಹಾದಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹಾವು, ಬಿಸಿಲು, ಕಾಡ್ಗಿಚ್ಚಿನ ಅಪಾಯ, ಮೂರೂ ಕಾಡುತ್ತವೆ. ದಾರಿಯಲ್ಲಿ ಕುಡಿಯುವ ನೀರಿಲ್ಲ, ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ಶೌಚಾಲಯದ ಕೆಲಸ ನದಿ ದಾಟುವ ಮೊದಲೇ ಮುಗಿಸಿ. ಹೊರಡುವ ಮುನ್ನ ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ಜಾಲತಾಣದಲ್ಲಿ ಈ ರಸ್ತೆ ಇರುವ ಧಾರುಗ್ ಉದ್ಯಾನದ ಎಚ್ಚರಿಕೆಗಳನ್ನು ನೋಡಿಕೊಳ್ಳಿ. 2021 ಮತ್ತು 2022ರ ನೆರೆಯಂಥದು ಬಂದರೆ ನದಿ ದಾಟಿಸುವ ಫೆರಿಯೇ ನಿಂತುಬಿಡುತ್ತದೆ.

ಕಾರಿನ ಸಮೇತ ದಾಟಿಸುವ ಫೆರಿ ಉಚಿತ, ಹಗಲು ರಾತ್ರಿ ಇರುತ್ತದೆ. ಆದರೆ ಆ ಊರಿನಲ್ಲಿ ಎರಡು ಫೆರಿಗಳಿವೆ. ವೆಬ್ಸ್ ಕ್ರೀಕ್ ಎಂಬ ಫಲಕದ ಕಡೆ ತಿರುಗಬೇಡಿ, ಅದು ಮೆಕ್‌ಡೊನಾಲ್ಡ್ ಹೊಳೆಯ ಆಚೆ ಬದಿಗೆ ಇಳಿಸುತ್ತದೆ. ವೈಸ್‌ಮನ್ಸ್ ಫೆರಿಯನ್ನೇ ಹಿಡಿದು, ದಾಟಿದ ಮೇಲೆ ಎಡಕ್ಕೆ ತಿರುಗಿ. ಒಂದು ಕಿಲೋಮೀಟರ್ ಆಗುವುದರೊಳಗೆ ಬಲಗಡೆ ಗೇಟು ಸಿಗುತ್ತದೆ.