ಒಡೆದ ಪರಮಾಣು ಮತ್ತೆ ಕೂಡಿದ್ದು ಹೇಗೆ?

ಓದುಗರ ಪತ್ರ: ಸೂರ್ಯನ ಕೊರೋನಾ (ಹೊರ ವಾತಾವರಣ) 10 ಲಕ್ಷ ಡಿಗ್ರಿಗೂ ಜಾಸ್ತಿ ಬಿಸಿ, ಅಲ್ಲಿ ಪರಮಾಣುಗಳೆಲ್ಲ ಎಲೆಕ್ಟ್ರಾನ್ ಕಳಚಿ ಒಡೆದಿರುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ಎರಡು ಪುಟ ದಾಟಿದರೆ, ಸೌರಸ್ಫೋಟದಿಂದ ಹೈಡ್ರೋಜನ್ ಪರಮಾಣುಗಳು ಇಡಿಯಾಗಿ ಹಾರಿಬಂದವು ಎಂದಿದೆ. ಯಾವುದು ಸರಿ? ಆ ಪರಮಾಣುಗಳ ಲೆಕ್ಕಕ್ಕೆ ಕಂಪ್ಯೂಟರ್ ಮಾದರಿ ಬೇಕು ಎಂದೂ ಬರೆದಿರಿ, ಅದು ಬೇರೆ ಯಾಕೆ?

ಸಂಪಾದಕರ ಉತ್ತರ: ಸರಿಯಾಗಿ ಹಿಡಿದಿರಿ. ತಪ್ಪು ಆ ‘ಎಲ್ಲ’ ಎಂಬ ಪದದ್ದು. ಹೈಡ್ರೋಜನ್ ಬಹುಪಾಲು ಒಡೆದಿರುತ್ತದೆ, ನಿಜ. ಆದರೆ ಕೊರೋನಾದಲ್ಲಿ ಆಮ್ಲಜನಕ, ಇಂಗಾಲವೂ ಸ್ವಲ್ಪ ಇವೆ. ಆಮ್ಲಜನಕ ಆರು ಎಲೆಕ್ಟ್ರಾನ್ ಕಳೆದುಕೊಂಡರೂ ಒಳಗಿನ ಎರಡನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ನಾಲ್ಕು ಕಳೆದುಕೊಂಡ ಇಂಗಾಲದ ಕಥೆಯೂ ಅದೇ. ಸ್ಫೋಟದಲ್ಲಿ ವೇಗ ಪಡೆದ ಪ್ರೋಟಾನ್ (ಎಲೆಕ್ಟ್ರಾನ್ ಕಳಚಿದ ಹೈಡ್ರೋಜನ್) ಪಕ್ಕದಲ್ಲೇ ಹಾದುಹೋಗುವಾಗ ಆ ಎಲೆಕ್ಟ್ರಾನ್‌ಗಳಲ್ಲಿ ಒಂದನ್ನು ಕಸಿದುಕೊಳ್ಳಬಹುದು. ಕಸಿದರೆ ಅದೇ ಹೈಡ್ರೋಜನ್ ಪರಮಾಣು! ವೇಗ ಹೆಚ್ಚುಕಡಿಮೆ ಹಾಗೇ ಇರುತ್ತದೆ, ವಿದ್ಯುದಂಶ ಮಾತ್ರ ಮಾಯ. ಸುಮ್ನೆ ಅಲೆಯುವ ಎಲೆಕ್ಟ್ರಾನನ್ನೇ ಪ್ರೋಟಾನ್ ಸೇರಿಸಿಕೊಳ್ಳುವುದೂ ಉಂಟು.

ಆಮೇಲೆ ಆ ಪರಮಾಣುವಿಗೆ ಕಾಂತಕ್ಷೇತ್ರದ ಹಂಗಿಲ್ಲ, ನೇರವಾಗಿ ಬರುತ್ತದೆ. ಅದರ ಜೊತೆ ಹೊರಟ ಪ್ರೋಟಾನ್‌ಗಳು ಮಾತ್ರ ಸುರುಳಿಯಾದ ಕಾಂತರೇಖೆಗಳನ್ನು ಹಿಡಿದು, ಅಲ್ಲಲ್ಲಿ ಚದುರುತ್ತ ಬರಬೇಕು. 2006ರ ಡಿಸೆಂಬರ್ 5ರಂದು ಸೂರ್ಯನ ಪೂರ್ವ ಅಂಚಿನಲ್ಲಿ ದೊಡ್ಡ ಸ್ಫೋಟವಾದಾಗ ಕಂಡದ್ದು ಇದೇ. ಸೂರ್ಯನನ್ನು ಗಮನಿಸಲು ಆಗಷ್ಟೇ ಹಾರಿದ್ದ ನಾಸಾದ ಸ್ಟೀರಿಯೋ ಜೋಡಿ ನೌಕೆಗಳಿಗೆ, ಕಣಗಳ ಮುಖ್ಯ ದಂಡು ತಲುಪುವುದಕ್ಕೆ ಕೆಲವು ಗಂಟೆ ಮೊದಲೇ ಹೈಡ್ರೋಜನ್‌ನ ಒಂದು ಗುಂಪು ಬಡಿಯಿತು. ಶಕ್ತಿ 1.6ರಿಂದ 15 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ). ಬಹುಪಾಲು ಬಂದ ದಿಕ್ಕು ಸೂರ್ಯನಿಂದ 10 ಡಿಗ್ರಿ ಒಳಗೆ. ತಮಾಷೆ ಏನೆಂದರೆ, ಪರಮಾಣು ಉಪಕರಣದ ಬಾಗಿಲಲ್ಲೇ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ. ಒಳಗೆ ದಾಖಲಾಗುವುದು ಪ್ರೋಟಾನ್ ಆಗಿಯೇ. ಹಾಗಾಗಿ ಗುರುತು ಹಿಡಿಯಲು ದಿಕ್ಕು ಮತ್ತು ಸಮಯವೇ ಸಾಕ್ಷಿ. 15 ಎಂಇವಿ ಪರಮಾಣು ಇಲ್ಲಿಗೆ ಬರಲು ಮುಕ್ಕಾಲು ಗಂಟೆ ಸಾಕು, 1.6ರದ್ದಕ್ಕೆ ಎರಡು ಗಂಟೆ ಮೀರುತ್ತದೆ. ಹಿಂದಕ್ಕೆ ಎಣಿಸಿದರೆ ಹೊರಟ ಹೊತ್ತು ಸಿಗುತ್ತದೆ.

ಮಾದರಿ ಬೇಕಾಗುವುದು ಹೊರಟ ಜಾಗ ಹುಡುಕಲು. ಕೆಳಗಿನ ಕೊರೋನಾದಲ್ಲಿ ಕಣಗಳ ದಟ್ಟಣೆ ಜಾಸ್ತಿ, ಎಲೆಕ್ಟ್ರಾನ್ ಕಸಿಯುವ ಅವಕಾಶವೂ ಜಾಸ್ತಿ. ಆದರೆ ಅದೇ ದಟ್ಟಣೆ ಹುಟ್ಟಿದ ಪರಮಾಣುವನ್ನು ಮತ್ತೆ ಒಡೆದುಹಾಕುತ್ತದೆ! ಮೇಲೆ ಹೋದಂತೆ ಉಳಿಯುವುದು ಸುಲಭ, ಹುಟ್ಟುವುದೇ ಅಪರೂಪ. ಮಾದರಿಯ ಕೆಲಸ ಅಂದರೆ ಈ ಜನನ-ಮರಣದ ಲೆಕ್ಕ ಬರೆಯುವುದು. ಪ್ರತಿ ಎತ್ತರದಲ್ಲೂ, ಪ್ರತಿ ಶಕ್ತಿಗೂ ಎಷ್ಟು ಹುಟ್ಟಿದವು, ದಾರಿಯಲ್ಲಿ ಎಷ್ಟು ಸತ್ತವು ಎಂದು. ಶಕ್ತಿ ಏರಿದಂತೆ ಕಸಿಯುವ ಸಾಧ್ಯತೆ ಕುಸಿಯುತ್ತದೆ, ಆದರೆ ಒಮ್ಮೆ ಹುಟ್ಟಿದ ವೇಗದ ಪರಮಾಣು ಬದುಕುವ ಸಂಭವ ಹೆಚ್ಚು. ಹೀಗೆ ಲೆಕ್ಕ ಹಾಕಿದರೆ, ಸೂರ್ಯನಿಂದ ಸಿಡಿದ ದ್ರವ್ಯರಾಶಿಯ ಮುಂದೆ ಓಡುವ ಆಘಾತ ತರಂಗದಲ್ಲಿ ವೇಗ ಪಡೆದ ಪ್ರೋಟಾನ್‌ಗಳಿಂದಲೂ 2006ರಲ್ಲಿ ಕಂಡಂಥ ಪರಮಾಣುಗಳು ಹುಟ್ಟಬಹುದು ಎಂದು ಗೊತ್ತಾಯಿತು. ಸ್ಫೋಟದ ಬುಡವೊಂದನ್ನೇ ನೋಡುತ್ತ ಕೂತಿದ್ದರೆ ಇದು ಹೊಳೆಯುತ್ತಿರಲಿಲ್ಲ ಅಲ್ವಾ?

ಆ ಪುಟದಲ್ಲಿ ‘ಎಲ್ಲ’ ಇದ್ದ ಕಡೆ ‘ಬಹುಪಾಲು’ ಎಂದು ತಿದ್ದಿದ್ದೇವೆ.